ಖಾಲಿ ಕುರ್ಚಿಯ ಸನ್ಮಾನ

"ಏಯ್ ಚೈನಾ, ಬಾತು ತಳ ಹತ್ತುತ್ತಿದೆ. ಮೂಗು ಚಪ್ಪಟೆ ಅಂತ ವಾಸನೇನೂ ಬರಲ್ವಾ ನಿಂಗೆ?"

ಹೇಳಿದ್ದು ವೇಣುಗೋಪಾಲ, ನಕ್ಕಿದ್ದೂ ಅವನೇ. ಪಾಸಾಂಗ್ ಸೌಟಿನಿಂದ ತಳ ಕೆರೆದು ನೋಡಿದಳು. ಏನೂ ಹತ್ತಿರಲಿಲ್ಲ.

"ನಾನು ಚೈನಾದೋಳಲ್ಲ ಸಾ. ಬೈಲಕುಪ್ಪೆಯೋಳು. ಪಿರಿಯಾಪಟ್ಣ ತಾಲೂಕು."

"ಗೊತ್ತಮ್ಮ, ಟಿಬೆಟ್ಟು. ಮ್ಯಾಪಲ್ಲಿ ಎಲ್ಲಾ ಒಂದೇ ಕಲರು ಬಿಡು."

ಈ ವೇಣುಗೋಪಾಲ ವಾರವೆಲ್ಲ ಸಾಫ್ಟ್‌ವೇರ್ ಇಂಜಿನಿಯರು, ಶನಿವಾರ ಭಾನುವಾರ ಕನ್ನಡ ಕೂಟದ ಅಧ್ಯಕ್ಷ, ಹೆಂಡತಿಯ ಹೆಸರಿನಲ್ಲಿ ಪರದೇಶದ ಈ ಮಾಲ್ಟನ್ ಊರಿನ ಹೋಟೆಲೊಂದರ ಮಾಲೀಕ. ತಲೆ ಒಂದೇ, ಪೇಟ ಮೂರು. ಪಾಸಾಂಗಳ ವರ್ಕ್ ಪರ್ಮಿಟ್ಟು ಇದೇ ಹೋಟೆಲಿಗೆ ಗಂಟು ಬಿದ್ದಿತ್ತು. ಇಲ್ಲಿ ಬಿಟ್ಟರೆ ಬೇರೆಲ್ಲೂ ದುಡಿಯುವಂತಿಲ್ಲ. ಅವನು ಬೇಡವೆಂದರೆ ಗಂಟುಮೂಟೆ ಕಟ್ಟಬೇಕು, ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಓದು ಬಿಡಬೇಕು. ಕಟ್ಟಿಕೊಂಡು ಯಾವ ದೇಶಕ್ಕೆ ಹೋಗುತ್ತಾಳೆಂದು ಮಾತ್ರ ಕೇಳಬೇಡಿ. ಬೈಲಕುಪ್ಪೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿ, ಅಲ್ಲಿನ ಹೊಲದಲ್ಲೇ ಮುಸುಕಿನ ಜೋಳ ಮುರಿದು ಬೆಳೆದವಳು ಪೊಲೀಸರ ಮುಂದೆ ನಿಂತು ತಾನು ವಿದೇಶಿ ಅಂತ ಮೊಹರು ಹಾಕಿಸಿಕೊಳ್ಳಬೇಕಿತ್ತು. ಅಪ್ಪ ಹಿಮದಲ್ಲಿ ನಡೆದು ಬಿಟ್ಟುಬಂದ ಊರಿನಲ್ಲಿ ಹಾರುತ್ತಿರುವುದು ಬೇರೆಯವರ ಬಾವುಟ.

"ಕೇಳಿಲ್ಲಿ," ಅಂದ ವೇಣುಗೋಪಾಲ. "ಇವತ್ತು ರಾಜ್ಯೋತ್ಸವಕ್ಕೆ ಸ್ಪಾನ್ಸರ್ ಯಾರು ಗೊತ್ತಾ? ಪಕ್ಕದ ಮಿಲ್ಟನ್ನಲ್ಲಿ ಮನೆ ಕಟ್ಟಿಸ್ತಿದಾರಲ್ಲ, ಬೀಜಿಂಗಿನ ಬಿಲ್ಡರು. ನೀನು ನಿಮ್ಮ ಆ ಉದ್ದ ಡ್ರೆಸ್ ಹಾಕ್ಕೊಂಡು ಸ್ಟೇಜಿಗೆ ಬಂದು ಬಿಳಿ ಶಾಲು ಹಾಕ್ಬೇಕು. 'ಚೈನಾದ ಮಗಳಿಂದ ಚೈನಾದ ಅತಿಥಿಗೆ ಸನ್ಮಾನ' ಅಂತ ಅನೌನ್ಸ್ ಮಾಡ್ತೀನಿ. ಖುಷಿಯಾಗೋಗ್ತಾರೆ."

"ಟಿಬೆಟ್ಟಿನೋಳು ಅನ್ನಿ ಸಾ, ಹಾಕ್ತೀನಿ. ಬಂದೋರು ಯಾರಾದ್ರೂ ನೆಂಟ್ರೇಯ. ಚೈನಾದೋಳು ಅಂತ ಮಾತ್ರ ಅನ್‌ಬ್ಯಾಡಿ."

"ಪಾಲಿಟಿಕ್ಸ್ ಎಲ್ಲ ನನ್ ಹತ್ರ ಬೇಡ. ಸೋಮವಾರ ಕೆಲಸ ಬೇಕಾ ಬೇಡ್ವಾ?"

ಅವನು ಹೋದ ಮೇಲೆ ಪಾಸಾಂಗ್ ಚೀಲದಿಂದ ಖತಾ ತೆಗೆದಳು. ದೊಡ್ಡವರಿಗೆ ಗೌರವ ಕೊಡಲು ಅವಳ ಜನ ಒಪ್ಪಿಸುವ ಬಿಳಿ ರೇಷ್ಮೆ ವಸ್ತ್ರ ಅದು. ಕ್ಯಾಂಪಿನ ಗುಡಿಯಲ್ಲಿ ಒಂದು ಎತ್ತರದ ಪೀಠವಿದೆ. ಕೂರಬೇಕಾದ ದೊಡ್ಡ ಗುರುಗಳು ಬರುವುದು ಯಾವಾಗಲೋ ಒಮ್ಮೆ. ಬಾರದಿದ್ದರೂ ಜನ ಖಾಲಿ ಪೀಠಕ್ಕೇ ಖತಾ ಒಪ್ಪಿಸಿ ತಲೆ ಬಾಗುತ್ತಾರೆ.

"ಹಾಕಿಬಿಡ ಯಕ್ಕಾ," ಅಂದ ಪಾತ್ರೆ ತೊಳೆಯುತ್ತಿದ್ದ ಭೀಮಣ್ಣ. ಲಿಂಗಸೂಗೂರು ಕಡೆಯವನು. "ಒಂದ್ ತುಂಡ್ ಬಟ್ಟಿ. ಹೊಟ್ಟಿಗಿಂತ ದೊಡ್ಡದೇನೈತಿ?"

"ನಿನ್ ಊರಾಗೆ ನಿನ್ನ ಹೆಸರಿಡಿದು ಕರೀದೆ ಬರೀ ಜಾತಿ ಇಡಿದು ಕರೆಯೋರಂತಲ್ಲ, ಆಗ ಹೊಟ್ಟೆ ತುಂಬ್ತಿತ್ತೇನಣ್ಣ?"

ಭೀಮಣ್ಣ ನಲ್ಲಿ ನಿಲ್ಲಿಸಿದ. "ಆ ಸೂಳೆಮಕ್ಕಳ ನೆನಪ ಯಾಕ್ ತಗೀತಿ," ಅಂದು ಮತ್ತೆ ತಿರುಗಿಸಿದ.

ಸಭಾಂಗಣದ ತುಂಬ ಹಳದಿ ಕೆಂಪು. ವೇಣುಗೋಪಾಲ ಮೈಕು ಹಿಡಿದು ಗುಡುಗುತ್ತಿದ್ದ: "ನಮ್ಮ ನಾಡಿಗೆ ನಮ್ಮದೇ ಬಾವುಟ ಬೇಕು ಅಂದ್ರೆ, ಬೇಡ ಅನ್ನೋಕೆ ಡೆಲ್ಲಿಯೋರು ಯಾರ್ರೀ? ನುಡಿ ಹೋದ್ರೆ ನಾಡು ಹೋಯ್ತು!" ಮುಂದಿನ ಸಾಲಿನಲ್ಲಿದ್ದ ಅವನ ಮಕ್ಕಳಿಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ. ಅಪ್ಪ ಯಾವ ಭಾಷೆಯಲ್ಲಿ ಕೂಗುತ್ತಿದ್ದರೂ ಅವರಿಗೆ ಒಂದೇ. ವೇದಿಕೆಯ ಮೇಲೆ ಬಿಲ್ಡರು, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಬರುತ್ತೇನೆಂದಿದ್ದ ಕೌನ್ಸಿಲರು ಕೈಕೊಟ್ಟಿದ್ದ.

ಚೈನಾದ ಮಗಳು ಅಂತ ಇಂಗ್ಲಿಷಿನಲ್ಲಿ ಘೋಷಣೆಯಾಯಿತು. ಬಿಲ್ಡರು ಪಾಪ, ಎದ್ದು ನಿಂತು ಕೈ ಮುಗಿದು ಕತ್ತು ಬಗ್ಗಿಸಿದ. ಪಾಸಾಂಗ್ ಅವನಿಗೆ ನಮಸ್ಕಾರ ಮಾಡಿ ಮುಂದೆ ಹೋದಳು. ಖಾಲಿ ಕುರ್ಚಿಯ ಬೆನ್ನಿಗೆ ಖತಾ ಹೊದಿಸಿ ತಲೆ ಬಾಗಿದಳು. ಆಮೇಲೆ ಮೈಕಿಗೆ ಬಂದಳು.

"ಈ ಸಾಹೇಬ್ರ ಮ್ಯಾಲೆ ನಂಗೆ ಸಿಟ್ಟಿಲ್ಲ. ನಾನು ಚೈನಾದೋಳಲ್ಲ, ಟಿಬೆಟ್ಟಿನೋಳು. ನಮ್ ಕಡೆ, ಬರಬೇಕಾದೋರು ಬರ್ನಿಲ್ಲ ಅಂದ್ರೆ ಅವರ ಜಾಗಕ್ಕೇ ಇದ ಹಾಕ್ತೀವಿ. ನಮ್ ನಾಡೂ ಇನ್ನೂ ಬರ್ನಿಲ್ಲ. ಈಗ ಅಧ್ಯಕ್ಸರು ಅಂದ್ರಲ್ಲ, ನಮ್ ನಾಡಿಗೆ ನಮ್ಮದೇ ಬಾವುಟ ಅಂತ? ನಂದೂ ಅದೇ ಮಾತು ಕಣ್ರಣ್ಣ."

ಸಭೆ ಚಪ್ಪಾಳೆಯಲ್ಲಿ ಮುಳುಗಿಹೋಯಿತು. "ಅಬ್ಬಾ, ಆ ಮುಖದಲ್ಲಿ ಎಂಥಾ ಪಿರಿಯಾಪಟ್ಣದ ಕನ್ನಡ ನೋಡ್ರೀ," ಅಂತ ಹೆಂಗಸರು ಬಿದ್ದು ಬಿದ್ದು ನಕ್ಕರು. ಹೇಳಿದ್ದೇನು ಅಂತ ಕೇಳಿಸಿಕೊಂಡದ್ದು ವೇಣುಗೋಪಾಲನೊಬ್ಬನೇ. ಬಿಲ್ಡರು ಬಗ್ಗಿಸಿದ ಕತ್ತಿನಲ್ಲೇ ಅವನ ಕಡೆ ಓರೆಯಾಗಿ ನೋಡಿ, ಇವಳು ಏನಂದಳು ಅಂತ ಇಂಗ್ಲಿಷಿನಲ್ಲಿ ಕೇಳಿದ. ಕನ್ನಡ ಕೂಟದ ಅಧ್ಯಕ್ಷ "ನಥಿಂಗ್, ನಥಿಂಗ್" ಅನ್ನುತ್ತಲೇ ಕುರ್ಚಿಗೆ ಹಾರಿ ಖತಾ ಎಳೆದ. ಇನ್ನೊಂದು ತುದಿ ಆಗಲೇ ಪಾಸಾಂಗಳ ಮುಷ್ಟಿಯಲ್ಲಿತ್ತು.

"ಬಿಡೇ," ಅಂದ ಹಲ್ಲು ಕಚ್ಚಿ. "ನಾಳೆಯಿಂದ ಎಲ್ಲಿರ್ತೀಯ, ಯೋಚಿಸಿದ್ಯಾ?"

"ಬಿಡಾಕಿಲ್ಲ ಸಾ."

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಭೀಮಣ್ಣ ತಟ್ಟೆಯನ್ನು ನೆಲಕ್ಕಿಟ್ಟ. ಒದ್ದೆ ಕೈ ಅಂಗಿಗೆ ಒರೆಸಿಕೊಂಡು ವೇದಿಕೆಯ ಮೆಟ್ಟಿಲು ಹತ್ತತೊಡಗಿದ. ಬಟ್ಟೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತ್ತು. ಬಿಲ್ಡರು ಇನ್ನೂ ಕತ್ತು ಬಗ್ಗಿಸಿಕೊಂಡೇ ಕಾಯುತ್ತಿದ್ದ. ಇದು ಯಾವುದೋ ಬುಡಕಟ್ಟಿನ ಕುಣಿತವೆಂದುಕೊಂಡ ಜನ ತಾಳ ಹಾಕಲು ಶುರುಮಾಡಿದರು.

"ಅಧ್ಯಕ್ಷರೇ," ಅಂತ ಕೆಳಗಿನಿಂದ ಫೋಟೋದವನು ಕೂಗಿದ, "ಇಲ್ಲಿ ನೋಡಿ, ಸ್ವಲ್ಪ ನಗಿ."