ತೊಗರಿ ಹೊಲದ ಲಾವಕ್ಕಿ

ಅರಣ್ಯ ಇಲಾಖೆಯ ಗಾರ್ಡ್ ಅಂಜನಾ ಕಕ್ಕೇರಾದಾಚೆಯ ತೊಗರಿ ಹೊಲಗಳ ಹತ್ತಿರ ಬೈಕ್ ನಿಲ್ಲಿಸಿ ಕಿವಿಗೊಟ್ಟಳು. ಬಲೆ ಹಾಕಿ ಹಕ್ಕಿ ಹಿಡಿಯುವವರು ರಾತ್ರಿ ಇತ್ತ ಓಡಾಡುತ್ತಿದ್ದಾರೆಂದು ಸುದ್ದಿ ಬಂದಿತ್ತು. ಜೊತೆಗಿದ್ದ ಹಿರಿಯ ಗಾರ್ಡ್ ಖಾಜಾಹುಸೇನ ಟಾರ್ಚ್ ಆರಿಸಿದ.

ಕತ್ತಲೊಳಗಿಂದ ‘ವಿಟ್ ವಿಟ್, ವಿಟ್ ವಿಟ್’ ಎಂಬ ದನಿ ಬಂತು.

“ಲಾವಕ್ಕಿ ಅದ. ಮಳಿ ಬಿದ್ದದಲ್ಲ, ಗಂಡು ಕೂಗಾಕತ್ತದ. ನಡಿ, ಮುಂದ ನೋಡೋಣು,” ಅಂದ ಖಾಜಾಹುಸೇನ.

“ಜರಾ ತಡೀರಿ ಭಾಯಿ.”

ದನಿ ಲಾವಕ್ಕಿಯದೇ. ಆದರೆ ಸುತ್ತಲಿನ ಹಕ್ಕಿಗಳು ಉತ್ತರ ಕೊಟ್ಟರೂ ಅದರ ಲಯ ತಪ್ಪುತ್ತಿರಲಿಲ್ಲ. ಕೂಗಿನ ಹಿಂದೆ ದೂರದಲ್ಲೊಂದು ಲಾರಿಯ ಹಾರ್ನ್ ಕೇಳಿತು. ತುಸು ಹೊತ್ತಿಗೆ ಅದೇ ಹಾರ್ನ್ ಮತ್ತೆ, ಕೂಗಿನ ಅದೇ ಜಾಗದಲ್ಲಿ.

“ಇದು ರೆಕಾರ್ಡ್ ಮಾಡಿದ್ದು. ಸ್ಪೀಕರ್ ಹಚ್ಯಾರ. ಕೇಳಿ ಬಂದ ಹಕ್ಕಿ ಬಲ್ಯಾಗ ಬೀಳ್ತಾವ.”

ಖಾಜಾಹುಸೇನ ಹೊಲದ ಆಚೆ ಮಗ್ಗುಲಿಗೆ ಸುತ್ತಿ ಹೋದ. ಅಂಜನಾ ಬಗ್ಗಿ ಸಾಲುಗಳ ನಡುವೆ ನಡೆದಳು. ಹತ್ತಿರವಾದಂತೆ ರೆಕಾರ್ಡಿನೊಳಗೆ ಹಾರ್ನಿನ ಬೆನ್ನಿಗೇ ಇನ್ನೊಂದು ಸದ್ದು ಕೇಳಿತು. ಯಾರೋ ಅದುಮಿ ಹಿಡಿದ ಕೆಮ್ಮು, ಕೊನೆಗೆ ಸಿಳ್ಳೆಯಂಥ ಉಸಿರು. ಅವಳು ಅಲ್ಲೇ ನಿಂತುಬಿಟ್ಟಳು. ದಮ್ಮಿನ ಕಾಯಿಲೆಯ ತಮ್ಮ ಮರಿಲಿಂಗನ ಎದೆಗೆ ಎಣ್ಣೆ ತಿಕ್ಕುತ್ತ ಆ ಕೆಮ್ಮನ್ನು ಎಷ್ಟು ರಾತ್ರಿ ಕೇಳಿದ್ದಳೋ.

ಈಗ ಹೆಸರು ಹಿಡಿದು ಕೂಗಿದರೆ ಅವನು ಓಡಿಹೋಗುತ್ತಾನೆ. ಸುಮ್ಮನಿದ್ದರೆ ಸಿಗುತ್ತಾನೆ. ಒಂದು ಹೆಜ್ಜೆ ಇಟ್ಟಳು, ಕಾಲಿಗೆ ಬಲೆ ತೊಡರಿತು. ಸಿಕ್ಕಿಬಿದ್ದ ಹಕ್ಕಿಗಳು ಪಟಪಟ ಬಡಿದುಕೊಂಡವು. ಎದುರಿಗೆ ಕೊಡಲಿ ಎತ್ತಿದ ನೆರಳು.

“ಯಾರಂವ? ಮುಂದ ಬಂದ್ರ ಕಡೀತೀನಿ!”

“ಕಡಿಯೋ, ಮರಿಲಿಂಗ.”

ಕೊಡಲಿ ಗಾಳಿಯಲ್ಲೇ ನಿಂತಿತು. “ಅಕ್ಕಾ? ನೀ ನನ್ನ ನೋಡಿಲ್ಲ ಅನ್ನು. ಹೋಗಿಬಿಡ್ತೀನಿ.”

“ಹ್ಯಾಂಗ ಅನ್ಲೋ?”

ಅವನು ತಿರುಗುವಷ್ಟರಲ್ಲಿ ಅವಳು ಅವನ ಮುಂಗೈ ಹಿಡಿದಳು. ಅವನು ಜಗ್ಗಿದ, ಅವಳು ಬಿಡಲಿಲ್ಲ.

“ಭಾಯಿ, ಇಲ್ಲಿ ಬರ್ರಿ! ಸಿಕ್ಕಾನ!” ಅವಳು ಕೂಗಿದಳು.

ಖಾಜಾಹುಸೇನ ಬಂದು ಅವನನ್ನು ಹಿಡಿದುಕೊಂಡ. ಅಂಜನಾ ಮಂಡಿಯೂರಿ ಹಕ್ಕಿಗಳನ್ನು ಬಿಡಿಸತೊಡಗಿದಳು. ಬಲೆಯ ದಾರ ಹಿಡಿದು ಜಗ್ಗಿದಳು.

“ಹಂಗ ಜಗ್ಗಬ್ಯಾಡಕ್ಕಾ, ರೆಕ್ಕಿ ಮುರೀತದ,” ಅಂದ ಮರಿಲಿಂಗ. “ದಾರ ಕೆಳಗಿಂದ ಎತ್ತು.”

ಕೇಸಾಯಿತು. ತಾಯಿ ಲಾಲಮ್ಮ ಬಹಳ ದಿನ ಮಗಳ ಜೊತೆ ಮಾತಾಡಲಿಲ್ಲ. ಜಾಮೀನಿನ ಮೇಲೆ ಬಂದ ಸಂಜೆ ತಮ್ಮನೇ ಫೋನ್ ಮಾಡಿದ.

“ಹಕ್ಕಿ ಎಲ್ಲಾ ಉಳದಾವೇನು?”

“ಒಂದು ಸತ್ತದ,” ಅಂದಳು ಅಂಜನಾ.

ಇಬ್ಬರೂ ಫೋನ್ ಇಡಲಿಲ್ಲ.