ಒಂದು ಸಾಲಿನ ಊರು

ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಕತ್ತಿ ಇಡುವ ಹೊತ್ತಿಗೆ ಕ್ಷೌರಿಕ ಆ ಮಾತು ಎತ್ತಿದ.

"ನಮ್ಮೂರು ಪುಸ್ತಕದಲ್ಲಿ ಬಂದಿದೆ, ಗೊತ್ತಾ ಸಾರ್?"

ಕುರ್ಚಿಯಲ್ಲಿದ್ದವನು ಸುಮ್ಮನೆ ಕಣ್ಣು ಮಿಟುಕಿಸಿದ. ಕತ್ತಿ ಗಂಟಲ ಹತ್ತಿರವಿರುವಾಗ ತಲೆಯಾಡಿಸುವುದು ಕ್ಷೇಮವಲ್ಲ.

"ಅದೇ, ಪ್ರವಾಸದೋರು ಕಂಕುಳಲ್ಲಿ ಇಟ್ಕೊಂಡು ತಿರುಗ್ತಾರಲ್ಲ, ಹಳದಿ ರಟ್ಟಿನ ಕೈಪಿಡಿ. ದೇಶದಲ್ಲಿರೋ ಊರೆಲ್ಲ ಅದರಲ್ಲಿದೆಯಂತೆ. ನಮ್ಮೂರಿಗೆ ಒಂದೇ ಒಂದು ಸಾಲು." ಕ್ಷೌರಿಕ ಕನ್ನಡಿಯೊಳಗಿದ್ದ ಮುಖಕ್ಕೆ ಹೇಳುತ್ತಿದ್ದ. "'ಈ ಊರಿನಲ್ಲಿ ನೋಡುವಂಥದ್ದೇನೂ ಇಲ್ಲ.' ಹೆಂಗಿದೆ? ಬರೆದೋನ ಕೈಗೆ ಹುಳ ಬೀಳ."

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇಬ್ಬರು ಹೂಂಗುಟ್ಟಿದರು.

ಆಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹನ್ನೆರಡು ವರ್ಷದ ಅಭ್ಯಾಸ. ಎಲ್ಲಾದರೂ ಒಂದು ಪದ ಬಿಟ್ಟುಹೋದರೆ ಅವನಿಗೆ ಮೈಯೆಲ್ಲ ತುರಿಸುತ್ತಿತ್ತು.

"ವಿಶೇಷವಾಗಿ," ಎಂದ.

"ಏನಂದ್ರಿ?"

"'ವಿಶೇಷವಾಗಿ ನೋಡುವಂಥದ್ದೇನೂ ಇಲ್ಲ' ಅಂತಿರೋದು. ಆ ಪದ ಬಿಟ್ಟರೆ ಮಾತು ತೀರಾ ಒರಟಾಗುತ್ತೆ."

ಕತ್ತಿ ನಿಂತಿತು. ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು.

"ಬಾಯಿಪಾಠ ಮಾಡಿದೀರಾ?"

"ಇಲ್ಲ... ಎಲ್ಲೋ ಓದಿದ ನೆನಪು."

"ಒಂದು ಸಾಲನ್ನ ಹೀಗೆ ನೆನಪಿಟ್ಕೊಳ್ಳೋನು ಅದನ್ನ ಬರೆದೋನು ಮಾತ್ರ." ಕ್ಷೌರಿಕನ ದನಿ ತಣ್ಣಗಿತ್ತು. "ನೀವೇನಾ?"

ಅಲ್ಲ ಎಂದುಬಿಡಬಹುದಿತ್ತು. ಸುಳ್ಳು ಹೇಳಲು ಅವನಿಗೆ ಯಾವತ್ತೂ ಸ್ವಲ್ಪ ಸಮಯ ಬೇಕು. ಆ ಸಮಯವೇ ಉತ್ತರವಾಯಿತು.

ಕ್ಷೌರಿಕ ಕತ್ತಿ ಮಡಚಿದ. ಅವನ ಕೊರಳಿನ ಬಟ್ಟೆಯನ್ನು ಎಳೆದು ಕೊಡವಿದ. "ಏಳಿ."

"ಇನ್ನೊಂದು ಕಡೆ..."

"ಆ ಕಡೆ ವಿಶೇಷವಾಗಿ ಕೆರೆಯುವಂಥದ್ದೇನೂ ಇಲ್ಲ."

ಬೆಂಚಿನವರು ತೊಡೆ ತಟ್ಟಿ ನಕ್ಕರು. ಅವನು ಜೇಬಿಗೆ ಕೈ ಹಾಕಿದಾಗ ಕ್ಷೌರಿಕ ಬೇಡವೆಂದ. "ನೋಡದೆ ಬರೆದು ನೀವು ದುಡ್ಡು ತಗೊಳ್ತೀರಿ. ಅರ್ಧ ಬೋಳಿಸಿ ನಾನು ತಗೊಳ್ಳಲ್ಲ. ನಡೀರಿ."

ಬೀದಿಗೆ ಬಂದು ಕರವಸ್ತ್ರದಿಂದ ಬಲಗೆನ್ನೆಯ ಸೋಪು ಒರೆಸಿಕೊಂಡ. ನಾಲ್ಕು ದಿನದ ಗಡ್ಡ. ಅವನದು ಒತ್ತಾಗಿ ಕಪ್ಪಗೆ ಬೆಳೆಯುವ ಜಾತಿ. ಎಡಗಡೆ ನುಣುಪು, ಬಲಗಡೆ ಕಾಡು, ನಡುವೆ ಮೂಗಿನಿಂದ ಗದ್ದದವರೆಗೆ ಗೀಟೆಳೆದಂಥ ಗಡಿ. ಬಟ್ಟೆ ಅಂಗಡಿಯ ಗಾಜಿನಲ್ಲಿ ಅದನ್ನು ಕಂಡಾಗ ಅವನಿಗೆ ಮೊದಲು ನೆನಪಾದದ್ದು ಭೂಪಟ.

ಅವನು ಕೈಪಿಡಿಯ ಕಚೇರಿಯಲ್ಲಿ ನಲವತ್ತೆರಡು ಊರುಗಳನ್ನು ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುವುದೆಂದರೆ ಬರೆಯುವುದು. ಸಂಜೆ ಕಾಲೇಜಿನಲ್ಲಿ ಭೂಗೋಳ ಓದಿ, ತೂಕಡಿಸುತ್ತಲೇ ಪದವಿ ಪಡೆದವನು. ಯಾವ ನದಿ ಯಾವ ಊರಿನ ಎಡಕ್ಕೆ ಹರಿಯುತ್ತದೆ, ಯಾವ ವಸ್ತುಸಂಗ್ರಹಾಲಯಕ್ಕೆ ಯಾವ ವಾರ ರಜೆ, ಯಾವ ಗೋಪುರಕ್ಕೆ ಎಷ್ಟು ಮೆಟ್ಟಿಲು, ಎಲ್ಲ ನಾಲಿಗೆ ತುದಿಯಲ್ಲಿ. ಆ ನಲವತ್ತೆರಡರಲ್ಲಿ ಒಂದನ್ನೂ ಅವನು ನೋಡಿರಲಿಲ್ಲ. "ದೇಶವೆಲ್ಲ ನಿಮ್ಮ ಅಂಗೈಯಲ್ಲಿದೆ," ಎನ್ನುತ್ತಿದ್ದಳು ಹೆಂಡತಿ, "ಆದರೆ ಔಷಧಿ ಅಂಗಡಿ ನಮ್ಮ ಬೀದಿಯ ಯಾವ ತಿರುವಿನಲ್ಲಿದೆ ಅಂತ ಮಾತ್ರ ನನ್ನನ್ನೇ ಕೇಳ್ತೀರಿ."

ಈ ಸಲ ಸಂಪಾದಕರು ಹೊಸ ನಿಯಮ ತಂದಿದ್ದರು. ಪ್ರತಿಯೊಬ್ಬನೂ ಒಂದಾದರೂ ಊರನ್ನು ಸ್ವತಃ ಕಂಡು ಬರಬೇಕು, 'ಕಂಡು ಬರೆದದ್ದು' ಎಂದು ಸಹಿ ಹಾಕಬೇಕು. ಉಳಿದವರು ಸಮುದ್ರ, ಕೋಟೆ, ಗಿರಿಧಾಮ ಎಂದು ಹಂಚಿಕೊಂಡರು. ಅವನು ಅತ್ಯಂತ ಕಡಿಮೆ ತಪ್ಪಾಗಬಹುದಾದ ಊರನ್ನು ಆರಿಸಿಕೊಂಡ. ಒಂದೇ ಸಾಲು. ಪರೀಕ್ಷಿಸಿ ಐದು ಗಂಟೆಯೊಳಗೆ ಫೋನ್ ಮಾಡಿದರೆ ಮುಗಿಯಿತು. ಆರಕ್ಕೆ ಪುಟ ಅಚ್ಚಿಗೆ ಹೋಗುತ್ತದೆ. ಮುಂದಿನ ಆವೃತ್ತಿ ಇನ್ನು ಐದು ವರ್ಷಕ್ಕೆ.

ಇಲ್ಲಿಗೆ ಬರಲು ಮೂರು ದಿನ ಹಿಡಿದಿತ್ತು. ದಾರಿಯಲ್ಲಿ ಅವನದೇ ಊರುಗಳು ಒಂಬತ್ತು ಸಿಕ್ಕಿದವು. ಬಸ್ಸು ಊರೊಳಗೆ ಹೊಕ್ಕಾಗಲೆಲ್ಲ ಅವನು ಆ ಊರಿನ ಪುಟ ತೆಗೆದು ಓದುತ್ತಿದ್ದ. ಓದಿ ತಲೆಯೆತ್ತುವಷ್ಟರಲ್ಲಿ ಊರು ಹಿಂದೆ ಹೋಗಿರುತ್ತಿತ್ತು.

ಈ ಊರಿಗೆ ಹಿಂದೆ ಹನ್ನೊಂದು ಸಾಲುಗಳಿದ್ದವು. ಅವನಿಗಿಂತ ಮೊದಲಿದ್ದವರು ಯಾರೋ ಬರೆದದ್ದು. ಹತ್ತು ವರ್ಷದ ಹಿಂದೆ ಪಕ್ಕದ ನಗರದ ನಕ್ಷೆ ದೊಡ್ಡದಾಯಿತು. ಅದಕ್ಕೆ ಜಾಗ ಬೇಕಿತ್ತು. ಹತ್ತು ಸಾಲು ಹೊಡೆದುಹಾಕಿ ಒಂದನ್ನು ಹೊಸದಾಗಿ ಬರೆದ. ಅದು ಈ ಅಂಚಿನಿಂದ ಆ ಅಂಚಿಗೆ ಅಳತೆ ತೆಗೆದಂತೆ ಕೂತಿತು. ಆ ದಿನ ಅವನು ಮನೆಗೆ ಹೋಗುವಾಗ ಸಿಳ್ಳೆ ಹಾಕಿದ್ದ. ಅದೂ ನೆನಪಿತ್ತು.

ಹತ್ತೂವರೆ. ಐದಕ್ಕೆ ಇನ್ನೂ ಹೊತ್ತಿತ್ತು. ನೋಡುವಂಥದ್ದನ್ನು ಹುಡುಕಬೇಕು. ಸಿಕ್ಕರೆ ಬರೆದುಬಿಡೋಣ. ಅವನೇನು ಕಟುಕನೆ?

ಆದರೆ ಸುದ್ದಿ ಅವನಿಗಿಂತ ಬೇಗ ನಡೆಯುತ್ತಿತ್ತು. ಚಹಾ ಅಂಗಡಿಯಲ್ಲಿ ಒಂದು ಚಹಾ ಎಂದರೆ "ಹಾಲು ಮುಗಿದಿದೆ" ಎಂದರು. ಹಾಲು ಒಲೆಯ ಮೇಲೆ ಉಕ್ಕುತ್ತಿತ್ತು. ಪಾತ್ರೆ ಅಂಗಡಿಯ ಮುದುಕಿ ಅವನ ಮುಖವನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು, "ಯಾವ ಕಡೆಗೆ ಮರ್ಯಾದೆ ಕೊಡಬೇಕಪ್ಪಾ?" ಎಂದಳು. ಅವನು ನೋಟುಪುಸ್ತಕ ತೆಗೆದ ಕಡೆಯಲ್ಲೆಲ್ಲ ಬಾಗಿಲುಗಳು ಎಳೆದುಕೊಂಡವು. ಮುಚ್ಚಿದ ಬಾಗಿಲನ್ನು ಏನೆಂದು ಬರೆಯುವುದು?

ಹಳೆಯ ಹನ್ನೊಂದು ಸಾಲುಗಳಲ್ಲಿ ಒಂದು ನೆನಪಿಗೆ ಬಂತು. ಊರ ಹೊರಗಿನ ಕಲ್ಲು ಸೇತುವೆಯ ಕೆಳಗೆ ನಿಂತು ಕೂಗಿದರೆ ಮಾತು ಮೂರು ಸಲ ಹಿಂದಿರುಗುತ್ತದೆ.

ಹೋದ. ಹೊಳೆ ಸೊರಗಿತ್ತು. ಸೇತುವೆಯ ಕಮಾನಿನ ಕೆಳಗೆ ತಂಪು, ಪಾಚಿಯ ವಾಸನೆ, ಯಾರೋ ಬಿಟ್ಟುಹೋದ ಒಂದು ಚಪ್ಪಲಿ. ಕೂಗಬೇಕು. ಏನೆಂದು? ತನ್ನ ಹೆಸರೆಂದರೆ ನಾಚಿಕೆ. ಹೆಂಡತಿಯ ಹೆಸರೆಂದರೆ ಇನ್ನೂ ನಾಚಿಕೆ. ಈ ಜಗತ್ತಿನಲ್ಲಿ ಜೋರಾಗಿ ಕೂಗಬಹುದಾದ ಒಂದೇ ಒಂದು ಮಾತೂ ತನ್ನ ಹತ್ತಿರ ಇಲ್ಲವೆಂಬುದು ಅಲ್ಲಿ ನಿಂತಾಗ ಅವನಿಗೆ ಹೊಳೆಯಿತು. ಕಡೆಗೆ ಕೆಮ್ಮಿದ. ಕೆಮ್ಮು ಹೋಯಿತು, ತಡೆಯಿತು, ತಿರುಗಿ ಬಂತು. ಬಂದಾಗ ಅದು ಯಾವುದೋ ರೋಗಿಯ ಕೆಮ್ಮಿನಂತಿತ್ತು. ಮತ್ತೆ ಬಂತು. ಮತ್ತೆ ಬಂತು.

ಮೈ ಜುಮ್ಮೆಂದಿತು. ಇದೆ! ನೋಟುಪುಸ್ತಕ ಬಿಚ್ಚಿದ.

"ಏನ್ ಸಾರ್," ಸೇತುವೆಯ ಮೇಲಿಂದ ಒಂದು ದನಿ ಬಂತು, "ವಿಶೇಷವಾಗಿ ನೋಡ್ತಿದೀರಾ?"

ಬೆಂಚಿನವರಲ್ಲಿ ಒಬ್ಬ. ಸೈಕಲ್ಲಿನ ಮೇಲೆ ಕಾಲೂರಿ ನಿಂತಿದ್ದ. ವಿಶೇಷವಾಗಿ, ಎಂದಿತು ಕಮಾನು. ವಿಶೇಷವಾಗಿ. ವಿಶೇಷವಾಗಿ.

ಹಿಂದಿರುಗುವಾಗ ಅವನು ದಾಪುಗಾಲು ಹಾಕುತ್ತಿದ್ದ. ಮೊದಲು ನಾಚಿಕೆಯೆಂದುಕೊಂಡ. ಅಲ್ಲ, ದ್ವೇಷ. ಅಷ್ಟು ನಿಚ್ಚಳವಾದ ದ್ವೇಷ ಅವನಿಗೆ ಯಾರ ಮೇಲೂ ಹುಟ್ಟಿರಲಿಲ್ಲ. ಒಂದು ರೀತಿಯಲ್ಲಿ ಅದು ಹಿತವಾಗಿಯೇ ಇತ್ತು.

ಹಿಂದಿನ ರಾತ್ರಿ ಅವನು ಇಳಿದುಕೊಂಡಿದ್ದ ಲಾಡ್ಜಿನಾಕೆ ಅವನನ್ನೇ ಕಾಯುತ್ತಿದ್ದಳು. ಐವತ್ತರ ಹೆಂಗಸು. ಬೆನ್ನ ಹಿಂದಿನ ಹಲಗೆಯಲ್ಲಿ ಹದಿನಾಲ್ಕು ಮೊಳೆ, ಹದಿಮೂರು ಬೀಗದ ಕೈ. ಹದಿನಾಲ್ಕನೆಯದು ಅವನ ಜೇಬಿನಲ್ಲಿತ್ತು. ರಾತ್ರಿ ಅವಳು ಇಡೀ ಲಾಡ್ಜಿಗೆ ದೀಪ ಹಾಕಿದ್ದು ಅವನೊಬ್ಬನಿಗಾಗಿ.

"ಕೂತ್ಕೊಳ್ಳಿ," ಎಂದಳು. ಮೇಜಿನ ಖಾನೆಯಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಾರ್ಡುಗಳನ್ನು ತೆಗೆದಳು. "ಈ ರುಜು ನಿಮ್ಮದಾ?"

ಏಳು ಕಾರ್ಡು. ಎಲ್ಲದರಲ್ಲೂ ಅಚ್ಚಾದ ಒಂದೇ ಮಾತು: ನಿಮ್ಮ ಸಲಹೆಗೆ ಧನ್ಯವಾದಗಳು, ಮುಂದಿನ ಆವೃತ್ತಿಯಲ್ಲಿ ಗಮನಿಸಲಾಗುವುದು. ಕೆಳಗೆ ಅವನ ರುಜು. ಓದುಗರ ಪತ್ರಕ್ಕೆ ಅದೇ ದಿನ ಉತ್ತರ ಹೋಗಬೇಕೆಂಬುದು ಅವನೇ ಮಾಡಿಕೊಂಡ ಕಟ್ಟುನಿಟ್ಟು.

"ಹೌದು."

"ನಾನು ಬರೆದದ್ದು ಓದಿದ್ರಾ?"

"ಓದಿ... ಫೈಲಿಗೆ ಹಾಕಿದ್ದೆ."

ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. "ಆ ಸಾಲು ಬಂದ ಮೇಲೆ ಜನ ಇಳಿಯೋದು ಬಿಟ್ಟರು. ಜನ ಇಳಿಯದ ಮೇಲೆ ದೂರದ ಬಸ್ಸುಗಳು ನಿಲ್ಲೋದು ಬಿಟ್ಟವು. ನಮ್ಮೆಜಮಾನರಿಗೆ ಎದೆನೋವು ಬಂದಾಗ ರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಿದೆ. ಮೂರು ಬಸ್ಸು ಹೋಯ್ತು." ಲೆಕ್ಕ ಒಪ್ಪಿಸುವವಳಂತೆ ಹೇಳಿದಳು. "ಹಿಂದಿಂದು ಬೇಡ ಬಿಡಿ. ಈಗ ಬಂದಿದೀರಲ್ಲ. ಒಂದು ಸಾಲು ಬೇರೆ ಬರೀರಿ."

"ಅಷ್ಟೇ ಉದ್ದ ಇರಬೇಕಮ್ಮಾ. ಒಂದಕ್ಷರ ಹೆಚ್ಚಾದರೂ..."

"ಹಾಸಿಗೆ ಚೊಕ್ಕಟವಾಗಿದೆ ಅಂತ ಬರೀರಿ. ಅದು ಸುಳ್ಳಲ್ಲ. ನೀವೇ ಮಲಗಿದ್ರಿ."

"ಅಂಥದ್ದನ್ನ ನಾವು ಹಾಕಲ್ಲ."

"ಹಾಗಾದ್ರೆ ಸೇತುವೆ. ಕೂಗಿ ಬಂದ್ರಂತೆ."

ಅವನ ಕಿವಿ ಬಿಸಿಯಾಯಿತು. "ಕೆಮ್ಮಿದೆ," ಎಂದ.

ಅವಳು ನಕ್ಕಳು. ಆ ದಿನ ಅವನನ್ನು ನೋಡಿ ಬೇರೆ ಥರ ನಕ್ಕದ್ದು ಅವಳೊಬ್ಬಳೇ. ಮತ್ತೆ ಖಾನೆ ಎಳೆದು ಒಂದು ರೇಜರ್, ಪುಟ್ಟ ಕನ್ನಡಿ, ಸೋಪಿನ ಬಟ್ಟಲು ತೆಗೆದು ಮೇಜಿನ ಮೇಲಿಟ್ಟಳು. "ನಮ್ಮೆಜಮಾನರದು. ಹೊಸ ಬ್ಲೇಡು ಹಾಕಿದೀನಿ. ಮೊದಲು ಫೋನ್ ಮುಗಿಸಿ. ಆಮೇಲೆ ಮುಖ ಸರಿ ಮಾಡ್ಕೊಳ್ಳಿ."

ಐದಕ್ಕೆ ಹತ್ತು ನಿಮಿಷ. ನಂಬರು ತಿರುಗಿಸಿದ. ಅವಳು ಬೀಗದ ಕೈಗಳನ್ನು ಒರೆಸುವ ನೆಪದಲ್ಲಿ ಪಕ್ಕದಲ್ಲೇ ನಿಂತಳು.

"ಏನಯ್ಯಾ, ನೋಡಿದೆಯಾ?" ಸಂಪಾದಕರ ದನಿ.

"ನೋಡಿದೆ ಸಾರ್."

"ಇದೆಯಾ ಏನಾದರೂ?"

ಸೇತುವೆ ಎನ್ನಬೇಕೆಂದು ನಾಲಿಗೆ ಮೇಲೆದ್ದಿತ್ತು. ವಾಕ್ಯವೂ ಸಿದ್ಧವಾಗಿತ್ತು. ದಾರಿಯಲ್ಲಿ ಬೆರಳು ಮಡಚಿ ಎಣಿಸಿದ್ದ, ಅಕ್ಷರ ಸರಿಹೋಗುತ್ತಿತ್ತು. ಅಷ್ಟರಲ್ಲಿ ಕಣ್ಣು ಕಿಟಕಿಗೆ ಹೋಯಿತು. ಎದುರಿನ ಕಟ್ಟೆಯ ಮೇಲೆ ನಾಲ್ಕು ಜನ. ನಡುವೆ ಕ್ಷೌರಿಕ. ಇವನು ಫೋನಿನಲ್ಲಿರುವುದನ್ನು ಕಂಡು ಅವರಲ್ಲೊಬ್ಬ ತನ್ನ ಬಲಗೆನ್ನೆಯನ್ನು ಮೆಲ್ಲಗೆ, ಮುದ್ದಿನಿಂದ ಸವರಿಕೊಂಡ. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗಾಜಿನಾಚೆ ಶಬ್ದವಿಲ್ಲದ ನಗು.

"ಹಲೋ?"

"ಇದ್ದ ಹಾಗೇ ಇರಲಿ ಸಾರ್."

ಬೀಗದ ಕೈಗಳ ಸದ್ದು ನಿಂತಿತು.

"ಸರಿ. ನಿನ್ನ ಸಹಿಯ ಜಾಗದಲ್ಲಿ ನಾನೇ ಗುರುತು ಹಾಕ್ತೀನಿ. ಇನ್ನೊಂದು ವಿಷಯ, ಆ ಸಾಲಿನಲ್ಲಿ 'ವಿಶೇಷವಾಗಿ' ಅಂತಿದೆಯಲ್ಲ, ಬೇಕಾ? ತೆಗೆದರೆ ಪಕ್ಕದ ಚಿತ್ರಕ್ಕೆ ಚೂರು ಜಾಗ ಸಿಗುತ್ತೆ."

ಅವನು ಕಾರ್ಡುಗಳ ಕಟ್ಟು ನೋಡಿದ. ರಬ್ಬರ್ ಬ್ಯಾಂಡ್ ಹಳತಾಗಿ ಬಿರುಕು ಬಿಟ್ಟಿತ್ತು.

"ತೆಗೀರಿ," ಎಂದ.

ಫೋನ್ ಇಟ್ಟು ತಿರುಗಿದ. ಅವಳು ಅವನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಬಟ್ಟಲನ್ನು ತೆಗೆದು ಖಾನೆಯಲ್ಲಿಟ್ಟಳು. ಆಮೇಲೆ ಕನ್ನಡಿ. ಆಮೇಲೆ ರೇಜರ್. ಖಾನೆ ತಳ್ಳಿದಳು. ಕೈ ಚಾಚಿದಳು. ಅವನು ಬೀಗದ ಕೈ ಕೊಟ್ಟ. ಅದನ್ನು ಹದಿನಾಲ್ಕನೆಯ ಮೊಳೆಗೆ ಹಾಕಿದಳು.

"ಇವತ್ತೊಂದು ರಾತ್ರಿ..." ಎಂದ.

"ರೂಮಿಲ್ಲ."

"ಬಸ್ಸು?"

"ಇನ್ನು ನಿಲ್ಲೋದು ನಾಳೆ ಬೆಳಿಗ್ಗೆ. ಸಂಜೆ ದೂರದವು ಹೋಗ್ತವೆ. ಕೈ ಅಡ್ಡ ಹಾಕಿ ನೋಡಿ."

ಹೆದ್ದಾರಿಯ ಪಕ್ಕದ ತಂಗುದಾಣಕ್ಕೆ ಚಾವಣಿ ಮಾತ್ರ ಉಳಿದಿತ್ತು, ಬೆಂಚನ್ನು ಯಾರೋ ಕಿತ್ತೊಯ್ದಿದ್ದರು. ಅವನು ಚೀಲವನ್ನು ಕಾಲ ಹತ್ತಿರ ಇಟ್ಟು ನಿಂತ. ಬಿಸಿಲು ಓರೆಯಾಗಿತ್ತು. ಬಸ್ಸುಗಳು ಬರುವುದು ಬಲಗಡೆಯಿಂದ. ಮೊದಲು ಕಾಣುವುದು ಆ ಕಡೆಯ ಕೆನ್ನೆಯೇ.

ಮೊದಲ ಬಸ್ಸು ಬಂತು. ಕೈಯೆತ್ತಿದ. ಚಾಲಕ ದೂರದಿಂದಲೇ ವೇಗ ಇಳಿಸಿದ, ಹತ್ತಿರವಾಗಿ ಮುಖ ನೋಡಿದ, ಮತ್ತೆ ವೇಗ ಏರಿಸಿದ. ಹುಚ್ಚನೆಂದುಕೊಂಡನೇನೋ. ಧೂಳಿನಲ್ಲಿ ಕಣ್ಣು ಮುಚ್ಚಿ ತೆರೆಯುವಾಗ ಕಿಟಕಿಗಳ ಸಾಲು ಹಾದುಹೋಗುತ್ತಿತ್ತು. ಒಂದೊಂದು ಕಿಟಕಿಯಲ್ಲೂ ಬಗ್ಗಿದ ತಲೆ, ತಲೆಯ ಕೆಳಗೆ ಹಳದಿ ರಟ್ಟು.

ಎರಡನೆಯದು ನಿಧಾನವನ್ನೂ ಮಾಡಲಿಲ್ಲ.

ಮೂರನೆಯದಕ್ಕೆ ಅವನು ರಸ್ತೆಗೇ ಇಳಿದ. ಎರಡೂ ಕೈಯೆತ್ತಿದ. ಕೂಗಿದ ಕೂಡ. ಏನು ಕೂಗಿದನೋ ಅವನಿಗೇ ಗೊತ್ತಾಗಲಿಲ್ಲ. ಅದನ್ನು ಹಿಂದಿರುಗಿಸುವಂಥದ್ದು ಅಲ್ಲೇನೂ ಇರಲಿಲ್ಲ. ಬಸ್ಸು ಹಾರ್ನ್ ಹೊಡೆದು ಅವನನ್ನು ಬಳಸಿಕೊಂಡು ತಿರುವಿನಲ್ಲಿ ಒಂದು ಕ್ಷಣ ತಡವರಿಸಿತು. ಕಡೆಯ ಕಿಟಕಿಯಲ್ಲಿದ್ದ ಹೆಂಗಸು ತಲೆಯೆತ್ತಿದಳು. ಅವನನ್ನು ನೋಡಿದಳು. ಎಡಗೆನ್ನೆ, ಬಲಗೆನ್ನೆ, ಎತ್ತಿದ ಕೈಗಳು, ಎಲ್ಲ ನೋಡಿದಳು. ಮಡಿಲಲ್ಲಿದ್ದ ಪುಸ್ತಕವನ್ನು ಖಚಿತಪಡಿಸಿಕೊಳ್ಳುವವಳಂತೆ ಇನ್ನೊಮ್ಮೆ ನೋಡಿ, ಬೆರಳನ್ನು ನಾಲಿಗೆಗೆ ತಾಗಿಸಿ, ಪುಟ ತಿರುವಿದಳು.