ಇಸ್ತ್ರಿ ಅಂಗಡಿಯ ಬೇಸ್ ಗಿಟಾರ್

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಕೆಳಗಿನ ಅಂಗಡಿಯಲ್ಲಿ ಅವಳು ದಿನವಿಡೀ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಗಂಡ ಗಂಟುಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋಗಿ ಮನೆಮನೆಗೆ ಮುಟ್ಟಿಸಿ ಬರುತ್ತಿದ್ದ. ಮೇಲಿನ ಮಹಡಿಯಲ್ಲಿ ಮೈದುನ ಮತ್ತು ವಾರಗಿತ್ತಿ ಇದ್ದರು. ವಾರಗಿತ್ತಿ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ರಜೆಯ ದಿನ ಬೀದಿಯ ಹೆಂಗಸರನ್ನು ಕೂಡಿಸಿಕೊಂಡು, ತಾನು ಕೀಬೋರ್ಡ್ ನುಡಿಸುತ್ತ ಹಾಡಿಸುವುದು ಅವಳ ಅಭ್ಯಾಸ.

ಇಸ್ತ್ರಿ ಅಕ್ಕನೂ ಹೋಗುತ್ತಿದ್ದಳು, ಆದರೆ ಹಾಡುತ್ತಿರಲಿಲ್ಲ. ಮೊದಲ ದಿನ ಅವಳು ಬಾಯಿ ಬಿಟ್ಟಾಗ ಪಕ್ಕದವಳು ಬೆಚ್ಚಿಬಿದ್ದು, "ಅಕ್ಕ, ನೀವು ತುಟಿ ಮಾತ್ರ ಆಡ್ಸಿ ಸಾಕು" ಅಂದಿದ್ದಳು. ಎಲ್ಲರ ಜೊತೆ ಅವಳೂ ನಕ್ಕಿದ್ದಳು. ಅಂದಿನಿಂದ ಗೋಡೆಗೆ ಒರಗಿ ಕೂತು ಕೇಳುವುದಷ್ಟೇ ಅವಳ ಪಾಲಿಗೆ ಉಳಿಯಿತು. ಕೇಳುತ್ತ ಕೇಳುತ್ತ ಒಂದು ವಿಷಯ ಗಮನಕ್ಕೆ ಬಂತು: ಅವಳ ಕಿವಿ ಹಾಡುವವರ ಕಡೆ ಹೋಗುತ್ತಲೇ ಇರಲಿಲ್ಲ. ವಾರಗಿತ್ತಿಯ ಎಡಗೈ ಒತ್ತುವ ತಗ್ಗಿನ ಸ್ವರಗಳನ್ನೇ ಅದು ಹಿಡಿದುಕೊಂಡು ಕೂರುತ್ತಿತ್ತು.

ಒಂದು ದಿನ ಎಲ್ಲರೂ ಹೋದ ಮೇಲೆ ಕೇಳಿಯೇಬಿಟ್ಟಳು. "ಅಲ್ಲ ಕಣೇ, ನಿನ್ನ ಎಡಗೈದು ಇದ್ಯಲ್ಲ, ಆ ದಪ್ಪ ಸದ್ದು. ಅಷ್ಟನ್ನೇ ನುಡ್ಸೋಕೆ ಬೇರೆ ಏನಾದ್ರೂ ಇದ್ಯಾ?"

"ಇದೆ ಅಕ್ಕ. ಬೇಸ್ ಗಿಟಾರ್ ಅಂತ. ಯಾಕೆ?"

"ಸುಮ್ನೆ ಕೇಳ್ದೆ."

ಆ 'ಸುಮ್ನೆ' ಬಹಳ ದಿನ ಬಾಳಲಿಲ್ಲ. ಇಬ್ಬರೂ ವಾದ್ಯದ ಅಂಗಡಿಗೆ ಹೋದರು. ಅಂಗಡಿಯವನು ಗೋಡೆಯ ಮೇಲೆ ನೇತುಹಾಕಿದ್ದ ಮಿರಮಿರ ಮಿನುಗುವ ಗಿಟಾರುಗಳನ್ನು ತೋರಿಸಿದ. ಕಲಿಯುವವರಿಗೆ ಕಡಿಮೆ ಬೆಲೆಯದು ಬೇಕು ಎಂದಾಗ, ಮೂಲೆಯಿಂದ ಕಡುಗೆಂಪು ಬಣ್ಣದ್ದೊಂದನ್ನು ಎಳೆದು ತಂದು ಧೂಳು ಕೊಡವಿದ.

"ಹೊಸಬರು ಎಲ್ಲಾ ಇದನ್ನೇ ತಗೊಳ್ತಾರಮ್ಮ. ಕೈ ಕೂತ ಮೇಲೆ ಒಂದು ಒಳ್ಳೇದು ತಗೊಂಡ್ರಾಯ್ತು."

"ಯಾಕೆ, ಇದು ಒಳ್ಳೇದಲ್ವಾ?"

ಅಂಗಡಿಯವನು ತಬ್ಬಿಬ್ಬಾದ. "ಒಳ್ಳೇದೇ... ಒಳ್ಳೇದೇ ಅಮ್ಮ."

"ಹಾಗಾದ್ರೆ ಕೊಡಿ."

ಮನೆಯಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಗಿಟಾರಿಗೆ ಆರು ತಂತಿ ಇರ್ಬೇಕಲ್ವೇನೇ? ಇದ್ರಲ್ಲಿ ನಾಲ್ಕೇ ಇದೆ. ಚೆನ್ನಾಗಿ ಟೋಪಿ ಹಾಕಿದಾನೆ ನಿನ್ಗೆ!"

"ಉಳಿದ ಎರಡು ಆಮೇಲೆ ಕಳಿಸ್ತಾನಂತಮ್ಮ," ಎಂದ ಗಂಡ. ಅತ್ತೆ ಅದನ್ನು ನಂಬಿಯೂಬಿಟ್ಟರು.

ಅದನ್ನು ಎಲ್ಲಿಡುವುದು ಎಂದು ಅವಳು ಯಾರನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ಹಬೆ ತಾಗದ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದಳು. ಆ ಅಂಗಡಿಯಲ್ಲಿ ತೂಗುತ್ತಿದ್ದುದೆಲ್ಲ ಬೇರೆಯವರ ಅಂಗಿ, ಬೇರೆಯವರ ಕೋಟು. ಸಂಜೆಯಾದರೆ ಅವರವರ ಮನೆಗೆ ಹೊರಟುಹೋಗುತ್ತಿದ್ದವು. ಇದು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದೊಡನೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡುವಳು. ಆಮೇಲೆಯೇ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕುವಳು.

ತಂತಿ ಒತ್ತಿ ಒತ್ತಿ ಬೆರಳ ತುದಿ ಉರಿಯುತ್ತದೆ ಎಂದು ವಾರಗಿತ್ತಿ ಹೆದರಿಸಿದ್ದಳು. ಉರಿಯಲಿಲ್ಲ. ಎಷ್ಟೋ ವರ್ಷ ಬಿಸಿ ಪೆಟ್ಟಿಗೆಯ ಮುಂದೆ ಬಟ್ಟೆಯ ಸುಕ್ಕು ಬಿಡಿಸಿದ ಎಡಗೈ ಬೆರಳುಗಳು ಆಗಲೇ ಜಡ್ಡುಗಟ್ಟಿದ್ದವು. ಕಷ್ಟವಾದದ್ದು ತಾಳ. ಖುಷಿಯಾದರೆ ಸಾಕು, ಅವಳು ತಾಳ ಮೀರಿ ಓಟ ಕೀಳುತ್ತಿದ್ದಳು.

"ಓಡ್ಬೇಡಿ ಅಕ್ಕ. ನೀವು ಓಡಿದ್ರೆ ಎಲ್ರೂ ನಿಮ್ಮ ಹಿಂದೆ ಓಡ್ತಾರೆ," ಎನ್ನುತ್ತಿದ್ದಳು ವಾರಗಿತ್ತಿ.

"ನನ್ನ ಹಿಂದೆ ಯಾರು ಬರ್ತಾರೆ, ಬಿಡೇ."

ಆದರೂ ಕೂತು ಕಲಿತಳು. ಗಿಟಾರಿಗೆ ಜೋಡಿಸಿದ ಸಣ್ಣ ಸ್ಪೀಕರ್ ಪೆಟ್ಟಿಗೆಯ ಸದ್ದಿಗೆ ಕಿಟಕಿಯ ಗಾಜು ಗುಂಯ್ ಎನ್ನುವುದು. ಮಡಿಸಿಟ್ಟ ಬಟ್ಟೆ ಒಯ್ಯಲು ಬಂದವರು ಚೂರು ಹೊತ್ತು ನಿಂತು ಹೋಗುವರು. ಕೈ ಕೂತ ಮೇಲೆ ರಜೆಯ ದಿನ ಹೆಂಗಸರ ಹಾಡಿಗೂ ಅವಳೇ ಬೇಸ್ ನುಡಿಸತೊಡಗಿದಳು.

ಹತ್ತಿರದ ಗ್ರಂಥಾಲಯಕ್ಕೆ ಹೊಸ ಸಭಾಂಗಣ ಕಟ್ಟಿಸಿದಾಗ, ಅದರ ಆರಂಭದ ದಿನ ಹಾಡಲು ಈ ಹೆಂಗಸರನ್ನು ಕರೆದರು. ಹಾಡುವವರು ಮುಂದೆ ಸಾಲಾಗಿ ನಿಂತರು. ಇಸ್ತ್ರಿ ಅಕ್ಕ ವೇದಿಕೆಯ ಮೂಲೆಯಲ್ಲಿ, ಗಿಟಾರಿನ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ನಿಂತಳು. ಮೊದಲ ಸಾಲಿನಲ್ಲಿ ಗಂಡ ಮತ್ತು ಅತ್ತೆ. ಮೊದಲ ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಜನರ ಕಣ್ಣೆಲ್ಲ ಹಾಡುವವರ ಮೇಲೆಯೇ ಇತ್ತು. ಅದು ಸರಿಯೇ ಎಂದುಕೊಂಡಳು.

ಎರಡನೆಯ ಹಾಡಿನ ನಡುವೆ ಬೆಲ್ಟು ಸಿಕ್ಕಿಸಿದ್ದ ಸ್ಕ್ರೂ ಕಿತ್ತು ಬಂತು. ಗಿಟಾರ್ ಸರ್ರನೆ ಜಾರಿತು. ಅವಳು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡಳು. ಬೇಸ್ ನಿಂತುಹೋಯಿತು.

ಅಷ್ಟೇ, ಹಾಡು ಕುಂಟಿತು. ಒಬ್ಬಳು ಮುಂದೆ ಓಡಿದಳು, ಇನ್ನೊಬ್ಬಳು ಹಿಂದೆ ಉಳಿದಳು, ಮತ್ತೊಬ್ಬಳು ಸಾಲು ಮರೆತು ಹಿಂತಿರುಗಿ ನೋಡಿದಳು. ವಾರಗಿತ್ತಿ ಕೀಬೋರ್ಡಿನಲ್ಲಿ ಒಬ್ಬಳೇ ಹೆಣಗಾಡುತ್ತ ಇವಳ ಕಡೆ ಕಣ್ಣು ಹಾಯಿಸಿದಳು. ಸಭೆಯಲ್ಲೂ ತಲೆಗಳು ಮೂಲೆಯ ಕಡೆ ತಿರುಗಿದವು.

ಇಸ್ತ್ರಿ ಅಕ್ಕನ ಕಿವಿ ಕೆಂಪಾಯಿತು. ಪಕ್ಕದ ಕುರ್ಚಿಯ ಮೇಲೆ ಹಾಡುವವರ ಕೈಚೀಲಗಳ ರಾಶಿಯಿತ್ತು. ಒಂದೇ ಸಲಕ್ಕೆ ಅವನ್ನೆಲ್ಲ ಕೆಳಗೆ ನೂಕಿ ಕೂತಳು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ಅವಸರ ಮಾಡಲಿಲ್ಲ. ಹಾಡು ಎಲ್ಲಿದೆ ಎಂದು ಕೇಳಿಸಿಕೊಂಡು, ಸರಿಯಾದ ಜಾಗ ಬಂದಾಗ ತೀರಾ ತಗ್ಗಿನ ಸ್ವರವನ್ನು ಮೀಟಿದಳು.

ಚೆದುರಿದ್ದ ದನಿಗಳು ಒಂದೊಂದಾಗಿ ಬಂದು ಅದರ ಮೇಲೆ ಕೂತವು. ಹಾಡು ಮತ್ತೆ ಎದ್ದು ನಡೆಯಿತು. ಸಭೆಯಲ್ಲಿ ಯಾರೋ ಕಾಲು ಕುಣಿಸತೊಡಗಿದರು. ಇಷ್ಟು ದಿನ ಇವರೆಲ್ಲ ನನ್ನ ಬೆನ್ನಿಗೇ ಬರುತ್ತಿದ್ದರಾ! ಅವಳಿಗೆ ಎದೆ ತುಂಬಿ ಬಂತು. ಆದರೂ ಓಡಲಿಲ್ಲ.

ಮುಗಿದಾಗ ಅತ್ತೆ ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, "ಮೂಲೇಲಿ ಕೂತಿದಾಳಲ್ಲ, ಅವಳು ನನ್ನ ದೊಡ್ಡ ಸೊಸೆ. ಅವಳು ಕೈ ಬಿಟ್ಟಿದ್ದೇ ತಡ, ಎಲ್ರೂ ದಿಕ್ಕಾಪಾಲಾದ್ರು, ನೋಡಿದ್ರಾ?" ಎಂದರು. ಗಂಡ ಚಪ್ಪಾಳೆ ನಿಲ್ಲಿಸುವುದನ್ನೇ ಮರೆತಿದ್ದ.

ವೈರು ಸುತ್ತಲು ಬಂದ ಮೈಕಿನವನು ಗಿಟಾರನ್ನು ನೋಡಿ ಹೇಳಿದ: "ಇಷ್ಟು ಚೆನ್ನಾಗಿ ನುಡಿಸ್ತೀರಿ. ಇದನ್ನ ಮಾರ್ಬಿಟ್ಟು ಒಳ್ಳೆ ಕಂಪನಿದು ತಗೊಳ್ಳಿ ಅಕ್ಕ."

"ಒಂದು ಸ್ಕ್ರೂ ಬಿತ್ತು ಅಂತಾನಾ? ಸ್ಕ್ರೂ ಬಿದ್ರೆ ಸ್ಕ್ರೂ ಹಾಕ್ತಾರಪ್ಪ, ಗಿಟಾರ್ ಮಾರ್ತಾರಾ?" ಎಂದಳು ಅವಳು, ಅದನ್ನು ಚೀಲಕ್ಕೆ ಸೇರಿಸುತ್ತ.

ಮರುದಿನ ಬೆಳಿಗ್ಗೆ ಗಂಡ ಗಿಟಾರನ್ನು ಇಸ್ತ್ರಿ ಮೇಜಿನ ಮೇಲೆ ಮಲಗಿಸಿ ಹಿಡಿದುಕೊಂಡ. ಅವಳು ಸಡಿಲವಾಗಿದ್ದ ತೂತಿಗೆ ಬೆಂಕಿಕಡ್ಡಿಯ ಚೂರುಗಳನ್ನು ಅಂಟು ಹಚ್ಚಿ ತುರುಕಿ, ಸ್ಕ್ರೂ ತಿರುಗಿಸಿದಳು. ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬರು ಅಂಗಿಗಳ ಗಂಟು ಹಿಡಿದು ಬಂದು ನಿಂತರು.

"ಯಾರದಮ್ಮ ಇದು, ಮಕ್ಕಳದಾ?"

"ಅಲ್ಲ ಸಾರ್, ನಂದು."

"ನೀವು ನುಡಿಸ್ತೀರಾ?"

"ಕೇಳ್ತೀರಾ? ಅಂಟು ಇನ್ನೂ ಒಣಗಿಲ್ಲ, ಕೂತ್ಕೊಂಡೇ ನುಡಿಸ್ತೀನಿ."

ಗಿರಾಕಿ ಗಂಟನ್ನು ಕೆಳಗಿಟ್ಟರು. ಗಂಡ ಸ್ಟೂಲನ್ನು ಮುಂದಕ್ಕೆ ತಳ್ಳಿದ. ಅವಳು ಕಾದಿದ್ದ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಸೀರೆಯಂಚಿಗೆ ಕೈ ಒರೆಸಿಕೊಂಡು ಕೂತಳು.